ಬೆಲ್ಲದ ಮರಿಯಯ್ಯನವರ ನೆಲ

ಸಂತೆಪೇಟೆಯ ಬೆಲ್ಲದ ಮಂಡಿ ಮರಿಯಯ್ಯನವರನ್ನು ಜಿಪುಣರೆಂದು ಕರೆದರೆ ಊರಿನ ಜಿಪುಣರಿಗೆಲ್ಲ ಬೇಸರವಾದೀತು. ಜಿಪುಣನಾದವನು ಕೊಡುವುದಕ್ಕೆ ಅಳುತ್ತಾನೆ. ಮರಿಯಯ್ಯನವರು ಎಸೆಯುವುದಕ್ಕೆ ಅಳುವವರು. ಅಚ್ಚುಬೆಲ್ಲ ಸುತ್ತಿಬಂದ ಒಣಸೋಗೆ, ಇಲಿ ಕಡಿದ ಗೋಣಿ, ಒಂದು ಕಿವಿ ಹೋದ ತಕ್ಕಡಿ ತಟ್ಟೆ, ಸತ್ತ ಎತ್ತಿನ ಮೂಗುದಾರ, ಎಲ್ಲವೂ ಅವರ ಮಂಡಿಯ ಅಟ್ಟದ ಮೇಲೆ ಭದ್ರವಾಗಿದ್ದವು. "ಇರ್ಲಿ ಬುಡಿ ಶೆಟ್ರೆ, ಯಾವುದುಕ್ಕಾದ್ರೂ ಆಯ್ತದೆ" ಎನ್ನುವುದು ಅವರ ಬಾಯಲ್ಲಿ ಉಸಿರಿನಷ್ಟೇ ಸಲೀಸು. ಸಂಜೆ ಮಂಡಿಯ ನೆಲ ಗುಡಿಸಿದಾಗ ಬಂದ ಬೆಲ್ಲದ ಪುಡಿಯನ್ನು ಡಬ್ಬಕ್ಕೆ ತುಂಬಿ ಮಾರನೆಯ ದಿನ ಪುಡಿಬೆಲ್ಲವೆಂದು ಮಾರುತ್ತಿದ್ದರು. ಆ ಡಬ್ಬದಲ್ಲಿ ಒಮ್ಮೆ ಜಿರಳೆಯ ಮೀಸೆ ಕಂಡ ಮೇಲೆ ಅವರು ಕೊಡುವ ಪಾನಕವನ್ನು ನಾನು ಕೈಮುಗಿದು ಬೇಡವೆನ್ನುತ್ತ ಬಂದೆ. "ಸಿಹಿಮೂತ್ರವಾ ಶೆಟ್ರೆ?" ಎಂದು ಮರುಕದಿಂದ ಕೇಳಿದರು. ಹೌದೆಂದೆ. ಒಬ್ಬ ವ್ಯಾಪಾರಿ ಇನ್ನೊಬ್ಬನಿಗೆ ಹೇಳುವ ಸುಳ್ಳುಗಳಲ್ಲಿ ಅದು ಚಿಕ್ಕದು.

ನನ್ನದು ಎದುರು ಸಾಲಿನಲ್ಲಿ ಸುಣ್ಣ, ಮಂಗಳೂರು ಹೆಂಚು ಮಾರುವ ಅಂಗಡಿ. ನೆಲಕ್ಕೆ ಹಾಸುವ ಸಿಮೆಂಟು ಬಿಲ್ಲೆಗಳು, ಕೆಂಪು ಕಪ್ಪು ಹೂ ತೆಗೆದ ಚೌಕಗಳು, ಆಗ ತಾನೆ ಮೈಸೂರಿನ ಮನೆಗಳಿಗೆ ಬರತೊಡಗಿದ್ದವು. ಅವನ್ನೂ ತರಿಸಿ ಇಟ್ಟಿದ್ದೆ. ಅರಮನೆ ನೌಕರಿಯವರು, ವಕೀಲರು ಕೊಳ್ಳುತ್ತಿದ್ದರು. ಮರಿಯಯ್ಯನವರು ದಿನಾ ಬಂದು ಒಂದು ಬಿಲ್ಲೆ ಎತ್ತಿ, ಸವರಿ, ಕೆಳಗಿಟ್ಟು ಹೋಗುತ್ತಿದ್ದರು. ಸವರಿದ ಕಡೆ ಅಂಟು ಉಳಿಯುತ್ತಿತ್ತು.

ಅವರ ಮನೆ ಕುಂಬಾರಕೊಪ್ಪಲಿನಲ್ಲಿ. ಆ ಮನೆ ಕಟ್ಟಿದ ರೀತಿಯೂ ಅವರದೇ. ಪೇಟೆಯಲ್ಲಿ ಯಾರಾದರೂ ಹಳೆ ಮನೆ ಕೆಡವುತ್ತಾರೆಂದು ಕಿವಿಗೆ ಬಿದ್ದರೆ ಸಾಕು, ಗಾಡಿ ಹೂಡಿಸಿಕೊಂಡು ಹೋಗಿ ಇಟ್ಟಿಗೆ ಚೂರು, ಗಾರೆ ಹೆಂಟೆ ತುಂಬಿಸಿಕೊಂಡು ಬರುವರು. ತಂದಷ್ಟಕ್ಕೆ ಸುಣ್ಣ ಕಲಸಿ ಒಂದಿಷ್ಟು ನೆಲಕ್ಕೆ ಕಾಂಕ್ರೀಟು ಹಾಕಿಸುವರು. ಇನ್ನೊಂದು ಮನೆ ಬೀಳುವವರೆಗೆ ಕೆಲಸ ನಿಲ್ಲುವುದು. ಹೀಗೆ ತೇಪೆ ತೇಪೆಯಾಗಿ ಹಾಕಿದ ಹಜಾರದ ನೆಲ ಒಂದು ಕಡೆ ಒಂಟೆಯ ಬೆನ್ನು, ಇನ್ನೊಂದು ಕಡೆ ಬಾಣಲೆ. ಅಲ್ಲಿ ಪಂಕ್ತಿಯಲ್ಲಿ ಕೂತವರು ತಮ್ಮ ಸಾರನ್ನು ಪಕ್ಕದವರ ಎಲೆಯಲ್ಲಿ ಹುಡುಕಬೇಕಾಗುತ್ತಿತ್ತು. ನಾನು ಯಾವಾಗಲೂ ತಗ್ಗಿನ ಕಡೆ ಕೂರುತ್ತಿದ್ದೆ.

ಆ ನೆಲದ ಮೇಲೆ ದಿನವೆಲ್ಲ ಓಡಾಡುತ್ತಿದ್ದವರು ಅವರ ಹೆಂಡತಿ ಬೆಟ್ಟಮ್ಮ. ಮಾತು ಕಮ್ಮಿ, ಕೆಲಸ ಜಾಸ್ತಿ. ಮಕ್ಕಳಿರಲಿಲ್ಲ. ನೆಲ ಒರೆಸಿದರೆ ತಗ್ಗಿನಲ್ಲಿ ನೀರು ನಿಲ್ಲುತ್ತಿತ್ತು. ಅದಕ್ಕೆ ಬಟ್ಟೆ ಅದ್ದಿ ಅದ್ದಿ ಬಕೆಟ್ಟಿಗೆ ಹಿಂಡುವುದೇ ಬೆಳಗಿನ ಒಂದು ವ್ರತ. ಕೊನೆಗೆ ಒಂದು ಬೆಳಿಗ್ಗೆ ತುಂಬಿದ ಕೊಡ ಹೊತ್ತು ಬರುವಾಗ ಆ ಒಂಟೆಯ ಬೆನ್ನಿಗೆ ಕಾಲು ತಗುಲಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂರಿಸುವವನು ಬಂದು ಬಿದಿರು ಚಕ್ಕೆ ಕಟ್ಟಿ ಹೋದ. ಅಷ್ಟು ಹೊತ್ತೂ ಮರಿಯಯ್ಯನವರು ಹೆಂಡತಿಯ ಪಕ್ಕದಲ್ಲಿ ಕೂತಿದ್ದರೆಂದು ನೀವು ತಿಳಿದರೆ ತಪ್ಪು. ಅವರು ಒಡೆದ ಕೊಡದ ಕಂಠವನ್ನು ಆರಿಸಿ ಇಡುತ್ತಿದ್ದರು. ಯಾವುದಕ್ಕಾದರೂ ಆಗುತ್ತದಲ್ಲ.

ಮರುದಿನವೇ ಬೆಟ್ಟಮ್ಮನ ತಮ್ಮ ಪುಟ್ಟಣ್ಣ ಹೂಟಗಳ್ಳಿಯಿಂದ ಗಾಡಿ ತಂದ. ಬೆಟ್ಟಮ್ಮ ಹತ್ತಿ ಕೂತರು. ಗಂಡನಿಗೆ ಹೇಳಿದ್ದು ಒಂದೇ ಮಾತು.

"ನೆಲ ಸಮ ಮಾಡ್ಸಿ ಹೇಳ್ಕಳ್ಸಿ, ಬತ್ತೀನಿ. ಇಲ್ದಿದ್ರೆ ನಾನು ಅಲ್ಲೇ."

"ಕೈ ವಾಸಿ ಆಗೋವಷ್ಟ್ರಲ್ಲಿ ಅಭ್ಯಾಸ ಆಯ್ತದೆ ಬುಡು, ಇಷ್ಟ್ ದಿನ ನಡ್ದಿಲ್ವಾ?" ಎಂದರು ಮರಿಯಯ್ಯನವರು.

ಬೆಟ್ಟಮ್ಮ ಗಾಡಿಯ ಮುಂದಕ್ಕೆ ತಿರುಗಿದರು.

ಒಂಟಿಯಾದ ಮೇಲೆ ಮರಿಯಯ್ಯನವರು ಹೊಟ್ಟೆಗೆ ಪಟ್ಟ ಪಾಡು ಸಂತೆಪೇಟೆಗೆಲ್ಲ ಗೊತ್ತು. ಬೆಳಿಗ್ಗೆ ಬೇಯಿಸಿದ ರಾಗಿಮುದ್ದೆಯನ್ನೇ ರಾತ್ರಿಗೂ ಇಟ್ಟುಕೊಂಡು, ಉಳಿದದ್ದನ್ನು ಮಾರನೆಯ ದಿನಕ್ಕೆ ಮಜ್ಜಿಗೆಯಲ್ಲಿ ಕದಡಿ, ಅದರಲ್ಲೂ ಮಿಕ್ಕಿದ್ದನ್ನು ಏನು ಮಾಡುತ್ತಿದ್ದರೋ ನಾನು ಕೇಳಲಿಲ್ಲ. ಮುಖ ಸೊರಗಿತು. ಒಂದು ದಿನ ಅಂಗಡಿಗೆ ಬಂದು ಬಿಲ್ಲೆ ಎತ್ತಿ ಸವರಿದವರು ಕೆಳಗಿಡಲಿಲ್ಲ.

"ಶೆಟ್ರೆ, ಅವ್ಳಿಲ್ದೆ ಮನೆ ಬಿಕೋ ಅಂತದೆ. ಆಗೋದಾಗ್ಲಿ, ನೆಲ ಸಮ ಮಾಡ್ಸಿ ಇದನ್ನೇ ಹಾಸ್ಬುಡಣ. ನೋಡ್ದೋಳು ಬಾಯಿ ಮುಚ್ಕೊಂಡು ಒಳಗ್ ಬರ್ಬೇಕು."

ಆಗ ನನಗೆ ಅವರ ಮೇಲೆ ಸ್ವಲ್ಪ ಗೌರವವೇ ಬಂತೆಂದು ಹೇಳಬೇಕು. ಬಹಳ ಹೊತ್ತು ಉಳಿಯಲಿಲ್ಲ.

ಚರ್ಚಿನ ಹಿಂದಿನ ಕೇರಿಯ ಡೊಮಿನಿಕ್ ಮೇಸ್ತ್ರಿಯನ್ನು ನಾನೇ ಗೊತ್ತು ಮಾಡಿಕೊಟ್ಟೆ. ಕೆಲಸ ಬಲ್ಲವನು. ಆದರೆ ಅವನದೊಂದು ಸ್ವಭಾವ: ಸರಿಯಾದ ಮಾತನ್ನು ಒಂದೇ ಸಲ ಹೇಳುವನು, ಕೇಳದಿದ್ದರೆ ಮಾಡಿಸುವವರ ಇಷ್ಟದಂತೆ ಮಾಡಿ ಮುಗಿಸುವನು. ಉಳಿದದ್ದನ್ನು ಭಾನುವಾರ ಫಾದರ್ ಕಿವಿಗೆ ಹಾಕಿದರಾಯಿತೆಂಬ ಧೈರ್ಯವಿರಬೇಕು. ಅವನ ಹೆಂಡತಿ ಲೂರ್ದಮ್ಮ ಗಾರೆ ಬಡಿಯುವ ಹೆಂಗಸರ ಮುಂದಾಳು. ಅವಳು ಸರಿಯಾದ ಮಾತನ್ನು ಎಷ್ಟು ಸಲ ಬೇಕಾದರೂ ಹೇಳುವವಳು, ಆದರೆ ಮೇಸ್ತ್ರಿ ಅವಳಲ್ಲವಲ್ಲ.

ಮೊದಲ ಕೆಲಸ ಚೆನ್ನಾಗಿಯೇ ನಡೆಯಿತು. ಒಂಟೆಯ ಬೆನ್ನನ್ನು ಚಾಣದಿಂದ ಕೆತ್ತಿ ಇಳಿಸಿದರು. ತಗ್ಗಿನ ಮೈಗೆ ಕಚ್ಚು ಹಾಕಿ ಒರಟು ಮಾಡಿ, ದೂಳು ತೊಳೆದು ನೆನೆಸಿದರು. ಗೋಡೆಯಿಂದ ಗೋಡೆಗೆ ದಾರ ಎಳೆದು ಡೊಮಿನಿಕ್ ತನ್ನ ರಸಮಟ್ಟ ತೆಗೆದ. ಮರದ ಪಟ್ಟಿಯ ನಡುವೆ ಸಣ್ಣ ಗಾಜಿನ ಕೊಳವೆ, ಅದರ ನೀರಿನಲ್ಲಿ ಒಂದು ಗುಳ್ಳೆ. ನೆಲ ಯಾವ ಕಡೆ ತಗ್ಗೋ ಗುಳ್ಳೆ ಅದರ ಎದುರು ಕಡೆಗೆ ಓಡುತ್ತದೆ, ಸಮವಾದರೆ ನಡುವೆ ನಿಲ್ಲುತ್ತದೆ. ಮರಿಯಯ್ಯನವರು ಮಂಡಿಯೂರಿ ಕೂತು ಆ ಗುಳ್ಳೆಯನ್ನು ದೇವರ ದೀಪ ನೋಡಿದ ಹಾಗೆ ನೋಡಿದರು.

"ಈ ಗುಳ್ಳೆ ನಡುವೆ ನಿಂತ್ರೆ ನೆಲ ಸಮ ಅಂತ ಅಲ್ವಾ ಮೇಸ್ತ್ರಿ?"

"ಹೌದು ಸಾವ್ಕಾರ್ರೆ."

"ಅಷ್ಟೇ ತಾನೆ ಬೇಕಾಗಿರಾದು!"

ತಗ್ಗು ತುಂಬಿಸಲು ಗಾರೆ ಕಲಸುವ ಹೊತ್ತಿಗೆ ಕೇಡು ಶುರುವಾಯಿತು. ಸುಣ್ಣ, ಮರಳು, ಇಟ್ಟಿಗೆ ಪುಡಿ ಬೆರೆಸಿದ ಮೇಲೆ ಡೊಮಿನಿಕ್ ಅಳಲೆಕಾಯಿ ನೆನೆಸಿದ ನೀರಿಗೆ ಒಂದು ಉಂಡೆ ಬೆಲ್ಲ ಕರಗಿಸಿ ಗಾರೆಗೆ ಚಿಮುಕಿಸಿದ. ಹಳೆಯ ಕಾಲದಿಂದ ನಮ್ಮ ಕಡೆ ಗಾರೆ ಕೆಲಸದಲ್ಲಿ ನಡೆದು ಬಂದದ್ದೇ ಅದು. ಅಷ್ಟು ಬೆಲ್ಲದ ನೀರು ಗಾರೆಯನ್ನು ಬಿಗಿ ಮಾಡುತ್ತದೆ. ಮರಿಯಯ್ಯನವರು ಬೆಲ್ಲದ ವ್ಯಾಪಾರದಲ್ಲಿ ತಲೆ ನರೆಸಿಕೊಂಡವರು, ಆದರೂ ಈ ಸಂಗತಿ ಗೊತ್ತಿರಲಿಲ್ಲವಂತೆ.

"ಬೆಲ್ಲನಾ? ಯಾಕೆ?"

"ಗಟ್ಟಿ ಬರ್ಲಿ ಅಂತ ಸಾವ್ಕಾರ್ರೆ. ಕಲ್ಲಾಯ್ತದೆ."

"ಒಂದು ಉಂಡೆಗೇ ಕಲ್ಲಾದ್ರೆ, ಒಂದು ಗುಡಾಣಕ್ಕೆ?"

ನಾನು ಅಲ್ಲೇ ಇದ್ದೆ. ಅವರ ಕಣ್ಣಿನಲ್ಲಿ ಮಂಡಿಯ ಹಿಂದಿನ ಕತ್ತಲೆ ಕೋಣೆ ಮಿಂಚಿದ್ದು ನನಗೆ ಕಂಡಿತು. ಹೋದ ಮಳೆಗಾಲದಲ್ಲಿ ಸೋರಿ ಕೆಟ್ಟ ಬೆಲ್ಲವನ್ನು ಅಲ್ಲಿ ಗುಡಾಣಗಳಿಗೆ ತುಂಬಿಟ್ಟಿದ್ದರು. ಯಾವ ಗಿರಾಕಿಯೂ ಮುಟ್ಟಿರಲಿಲ್ಲ. ಎತ್ತಿಗೆ ಇಟ್ಟರೆ ಎತ್ತು ಮೂತಿ ತಿರುಗಿಸಿತ್ತು. ಒಂದು ಸಲ ಮುಚ್ಚಳ ತೆಗೆದು ತೋರಿಸಿದ್ದರು. ಕೀಲೆಣ್ಣೆಯ ಹಾಗೆ ಕಪ್ಪು, ಮೇಲೆ ಹಳದಿ ನೊರೆ, ನೊರೆಯ ಮೇಲೆ ಕಣಜಗಳು, ಅಂಚಿನಲ್ಲಿ ಕೈ ಮೇಲೆತ್ತಿಕೊಂಡು ಸತ್ತ ಒಂದು ಮೂಗಿಲಿ. ವಾಸನೆ ಮೂಗಿಗೆ ಬರುವ ಮೊದಲೇ ಗಂಟಲಿಗೆ ಬಂದಿತ್ತು. ಮರಿಯಯ್ಯನವರು ಮೂಗಿಲಿಯನ್ನು ಬಾಲ ಹಿಡಿದು ಎತ್ತಿ, ಅದಕ್ಕೆ ಅಂಟಿದ್ದ ಪಾಕ ಗುಡಾಣಕ್ಕೇ ಇಳಿಯಲಿ ಎಂದು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಆ ಚಿತ್ರ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ, ಊಟದ ಹೊತ್ತಿಗೆ ಸರಿಯಾಗಿ ಬರುತ್ತದೆ.

"ಸಾವ್ಕಾರ್ರೆ, ಸಾರಿಗೆ ಉಪ್ಪು ಹಾಕ್ದಂಗೆ ಹಾಕ್ಬೇಕು. ಜಾಸ್ತಿ ಆದ್ರೆ ಕೂರಾಕಿಲ್ಲ, ಕೊಳೀತದೆ" ಎಂದ ಡೊಮಿನಿಕ್. ಅದು ಅವನ ಒಂದು ಸಲ.

"ನಿಂಗೇನಯ್ಯಾ ನಷ್ಟ? ಮನೆ ನಂದು, ಬೆಲ್ಲ ನಂದು. ಕೊಂಡು ಹಾಕೋರು ಉಂಡೆ ಲೆಕ್ಕ ಹಾಕ್ತಾರೆ. ನಂತಾವ್ ರಾಶಿ ಬಿದ್ದದೆ."

"ನಿಮ್ಮಿಷ್ಟ."

ನಾನು ಹೇಳಿದೆ: "ಮರಿಯಯ್ಯನವರೇ, ಆ ಗುಡಾಣ ಹೊರಗೆ ಚೆಲ್ಲೋದಕ್ಕೂ ಲಾಯಕ್ಕಿಲ್ಲ. ಬೆಟ್ಟಮ್ಮನೋರು ನಡೆಯೋ ನೆಲ ಇದು."

"ಅವ್ಳಿಗೋಸ್ಕರಾನೇ ಕಣ್ರೀ ಶೆಟ್ರೆ! ಜಲ್ಮಕ್ಕೆ ಒಂದ್ಸಲ ಗಟ್ಟಿ ನೆಲ ಆಗ್ಲಿ."

ಗುಡಾಣಗಳು ಗಾಡಿಯಲ್ಲಿ ಬಂದವು. ದಾರಿಯುದ್ದಕ್ಕೂ ನೊಣ ಮೆರವಣಿಗೆ ಬಂದಿತ್ತು. ಸಾಮಾನ್ಯವಾಗಿ ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಮರದ ಕೊಡತಿಗಳಿಂದ ಗಾರೆ ಬಡಿದರೆ, ಮೊದಲು ಮೆತ್ತಗಿದ್ದ ಸದ್ದು ಬರಬರುತ್ತ ಟಣ್ಣನೆ ಏರುತ್ತದೆ. ಸದ್ದು ಏರಿದರೆ ನೆಲ ಕೂತಿತೆಂದು ಅರ್ಥ. ಇಲ್ಲಿ ಬೆಳಗಿನಿಂದ ಬಡಿದರೂ ಪಚ್, ಪಚ್ ಎನ್ನುವುದು ನಿಲ್ಲಲಿಲ್ಲ. ಕೊಡತಿ ಎತ್ತಿದರೆ ನೂಲು ನೂಲಾಗಿ ಅದರ ಹಿಂದೆ ಎದ್ದು ಬರುತ್ತಿತ್ತು. ಲೂರ್ದಮ್ಮ ಕೈ ನಿಲ್ಲಿಸಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಸಾವ್ಕಾರ್ರೆ, ಇದು ನೆಲವೋ ಪಾಯಸವೋ? ಒಂಚೂರು ಏಲಕ್ಕಿ ಹಾಕ್ಬುಟ್ರೆ ಇಲ್ಲೇ ಪಂಕ್ತಿ ಕೂರ್ಬೋದು."

"ನಗ್ಬ್ಯಾಡ ಕಣಮ್ಮ. ಒಣಗ್ಲಿ, ನೋಡುವಂತೆ."

"ಒಣಗೋದೆಂಗೆ? ಒಳಗಿಂದ ಗುಳುಗುಳು ಅಂತದೆ. ಏನೋ ಉಸ್ರಾಡ್ದಂಗೆ ಅದೆ."

"ಸುಣ್ಣ ಬೇಯ್ತಾ ಅದೆ."

"ಸುಣ್ಣ ಅಲ್ಲ ಕಣ್ರೀ, ಹೆಂಡ ಬೇಯ್ತಾ ಅದೆ. ನಮ್ಮ್ ಕೇರಿ ಗಂಡುಸ್ರು ಇಲ್ಲಿಗಂಟ ವಾಸ್ನೆ ಹಿಡ್ಕಂಡ್ ಬಂದಾರು, ಬಾಗ್ಲಾಕ್ಕಳಿ."

ಡೊಮಿನಿಕ್ ಕರಣೆ ಎತ್ತಿಕೊಂಡ. ಮೇಲೆ ಬೆರಳ ದಪ್ಪಕ್ಕೆ ಸಿಮೆಂಟು ಗಾರೆ ಎಳೆದ. ಕೆನೆಗಟ್ಟಿದ ಹಾಗೆ ಅದು ಮಾತ್ರ ಬಿಗಿಯಿತು. ಮಟ್ಟಗೋಲಿನಿಂದ ಎಳೆದು, ರಸಮಟ್ಟ ಇಟ್ಟ. ಗುಳ್ಳೆ ನಡುವೆ ಬಂದು ನಿಂತಿತು. ಮರಿಯಯ್ಯನವರು ನನ್ನ ಭುಜ ಹಿಡಿದು ಬಗ್ಗಿಸಿ ತೋರಿಸಿದರು. ಹಜಾರದ ಮೂಲೆ ಮೂಲೆಯಲ್ಲೂ ಇಡಿಸಿ ತೋರಿಸಿದರು. ನಿಜಕ್ಕೂ ಸಮವಾಗಿತ್ತು. ಕೆರೆಯ ನೀರಿನ ಮೇಲೆ ಪಾಚಿಯೂ ಸಮವಾಗಿಯೇ ಇರುತ್ತದೆ. ಅದರ ಮೇಲೆ ನನ್ನ ಬಿಲ್ಲೆಗಳನ್ನು ಹಾಸಿದರು. ನಾನು ಇನ್ನೊಂದು ಸಲ ಬೇಡವೆಂದೆ, ಇನ್ನೂ ಕೆಲವು ದಿನ ಒಣಗಲಿ ಎಂದೆ. "ಅಷ್ಟ್ರಲ್ಲಿ ಅವ್ಳು ಮನಸ್ ಬದ್ಲಾಯಿಸ್ಕೊಂಡ್ರೆ?" ಎಂದರು. ಅಂದು ಸಂಜೆಯೇ ಹೂಟಗಳ್ಳಿಗೆ ಹೇಳಿಕಳಿಸಿದರು. ಪುಟ್ಟಣ್ಣನಿಂದ ಮರುಮಾತು ಬಂತು: ರಾಗಿ ಕಣ ಮುಗಿಯಲಿ, ಅಕ್ಕನನ್ನು ಕರೆದುಕೊಂಡು ಬರುತ್ತೇನೆ.

ರಾಗಿ ಕಣ ಮುಗಿಯುವಷ್ಟರಲ್ಲಿ ನೆಲ ತನ್ನ ಬುದ್ಧಿ ತೋರಿಸಿತು. ಮೊದಲು ಇರುವೆ. ಬಿಲ್ಲೆಗಳ ಸಂದಿಯಲ್ಲಿ ಕಪ್ಪು ಗೆರೆ ಎಳೆದ ಹಾಗಿತ್ತು. ಹತ್ತಿರ ಹೋದರೆ ಗೆರೆ ನಡೆಯುತ್ತಿತ್ತು. ಮರಿಯಯ್ಯನವರು ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟು ಮಲಗಿದರು. ಆಮೇಲೆ ಕಟ್ಟಿರುವೆ, ಆಮೇಲೆ ಜಿರಳೆ, ಜಿರಳೆಗಾಗಿ ಹಲ್ಲಿ. ವಾಸನೆಯಂತೂ ಹುಳಿ ಹೆಂಡಕ್ಕೂ ಸತ್ತ ನಾಯಿಗೂ ನಡುವೆ ಎಲ್ಲೋ ಇತ್ತು. ನೆರೆಯ ಕುಂಬಾರರು ತಾವು ಮಡಕೆ ಸುಡುವ ಆವಿಗೆಯ ಹೊಗೆ ಆ ಕಡೆ ಬೀಸಿದರೆ ಪುಣ್ಯ ಎನ್ನುತ್ತಿದ್ದರು. ಮರಿಯಯ್ಯನವರು ಸಾಂಬ್ರಾಣಿ ಹಾಕಿದರು. ಹೆಂಡ, ಸತ್ತ ನಾಯಿ, ಸಾಂಬ್ರಾಣಿ, ಮೂರೂ ಸೇರಿದವು.

ಒಂದು ದಿನ ನನ್ನ ಅಂಗಡಿಗೆ ಬಂದು, ಗಿರಾಕಿಗಳ ಎದುರಿಗೇ ಹೇಳಿದರು:

"ಶೆಟ್ರೆ, ನಿಮ್ಮ ಬಿಲ್ಲೆಗೆ ಇರುವೆ ಹತ್ತುತ್ತಾ ಅವೆ. ಏನ್ ಹಾಕಿ ಮಾಡ್ತಾರೆ ಅವನ್ನ?"

ನನಗೆ ನಖಶಿಖಾಂತ ಉರಿಯಿತು. "ಒಂದು ಬಿಲ್ಲೆ ಎಬ್ಬಿಸಿ ನೋಡೋಣ ನಡೀರಿ" ಎಂದೆ.

"ಎಬ್ಬಿಸ್ಬ್ಯಾಡಿ, ಎಬ್ಬಿಸ್ಬ್ಯಾಡಿ! ಮಟ್ಟ ಕೆಟ್ಟೋಯ್ತದೆ. ಹೊಸ ನೆಲದ ವಾಸ್ನೆ ಅದು, ಅವ್ಳು ಬರಾಗಂಟ ಹೋಯ್ತದೆ. ನೀವೂ ಅವತ್ತು ಬನ್ನಿ. ಬಿಲ್ಲೆ ಯಾವ ಜಾತೀದು, ಎಂಥೆಂಥವರ ಮನೇಲಿ ಹಾಸವ್ರೆ ಅಂತ ನೀವು ಹೇಳುದ್ರೆ ಅವ್ಳು ನಂಬ್ತಾಳೆ."

ಹೋಗಬಾರದಿತ್ತು. ಹೋದೆ. ಬಿಲ್ಲೆಯ ಮಾನ ಬಿಲ್ಲೆ ಮಾರಿದವನ ಮಾನ ತಾನೆ.

ಆ ದಿನ ಮರಿಯಯ್ಯನವರು ಒಗೆದ ಪಂಚೆ ಉಟ್ಟಿದ್ದರು. ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು, ಒಣಗಿದ್ದವು, ಯಾರ ಮನೆಯ ಮದುವೆಯದೋ. ಜಗಲಿಯ ಮೇಲೆ ಡೊಮಿನಿಕ್, ಲೂರ್ದಮ್ಮ ಕೂಡ ಬಂದು ಕೂತಿದ್ದರು. ಅವನು ಕರೆದದ್ದಕ್ಕೆ ಬಂದಿದ್ದ, ಅವಳು ನೋಡುವುದಕ್ಕೆ ಬಂದಿದ್ದಳು. ಪುಟ್ಟಣ್ಣನ ಗಾಡಿ ನಿಂತಿತು. ಬೆಟ್ಟಮ್ಮ ಇಳಿದರು. ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತ್ತು. ಗಂಟನ್ನು ಎಡಗೈಯಲ್ಲಿ ಹಿಡಿದಿದ್ದರು. ಬಾಗಿಲಿನಿಂದಲೇ ಹಜಾರ ನೋಡಿದರು. ಹೂ ಹೂವಾದ ನೆಲ, ಗೋಡೆಯಿಂದ ಗೋಡೆಗೆ ಒಂದೇ ಸಮ. ಆ ಮುಖದಲ್ಲಿ ನಾನು ಎಂದೂ ಕಾಣದ ಒಂದು ಕಳೆ ಬಂತು.

"ನಿಜವಾಗ್ಲೂ ಮಾಡ್ಸುಬುಟ್ರಾ!" ಎಂದರು, ಮೆಲ್ಲಗೆ.

"ನಾನು ಹೇಳ್ಲಿಲ್ವಾ? ಬಲಗಾಲು ಇಟ್ಟು ಬಾ, ಇವ್ಳೇ."

ಬೆಟ್ಟಮ್ಮ ಬಲಗಾಲು ಇಟ್ಟರು. ಬಿಲ್ಲೆ ಒಂದು ಮೂಲೆಯಲ್ಲಿ ಕುಸಿಯಿತು, ಇನ್ನೊಂದು ಮೂಲೆಯಲ್ಲಿ ಎದ್ದಿತು. ಸಂದಿಯಿಂದ ಪಿಚಕ್ಕನೆ ಕಂದು ರಸ ಚಿಮ್ಮಿ ಅವರ ಪಾದದ ಮೇಲೆ, ಸೀರೆಯ ಅಂಚಿನ ಮೇಲೆ ಬಿತ್ತು. ರಸದ ಜೊತೆ ಇರುವೆ, ಇರುವೆಯ ಜೊತೆ ಅನ್ನದ ಅಗುಳಿನಂಥ ಬಿಳಿ ಹುಳು. ಅವು ಹೊರಳಾಡಿದವು. ಪುಟ್ಟಣ್ಣ ಬೀದಿಗೆ ಓಡಿ ಚರಂಡಿಯ ಹತ್ತಿರ ಬಗ್ಗಿದ. ನಾನು ಎಲೆಅಡಿಕೆ ಉಗುಳಿ, ಉಗುಳಿದ ಮೇಲೂ ಉಗುಳುತ್ತಿದ್ದೆ.

ಬೆಟ್ಟಮ್ಮ ಕೂಗಲಿಲ್ಲ. ಕಾಲು ಹಿಂದಕ್ಕೆ ತೆಗೆದು, ಜಗಲಿಯ ಮೇಲೆ ಕೂತು, ಪಾದದ ಮೇಲಿನದನ್ನು ಬೆರಳಿನಿಂದ ಸವರಿ ಮೂಸಿದರು. ಬೆಲ್ಲದ ಮಂಡಿಯವರ ಹೆಂಡತಿ ತಾನೆ.

"ಇದು ಹೋದ್ ಮಳೆಗಾಲದ್ ಮಾಲು" ಎಂದರು.

ಮರಿಯಯ್ಯನವರು ತೋರಣದ ಎಲೆ ಸರಿಮಾಡತೊಡಗಿದರು. ಬಾಯಿ ಬಿಟ್ಟವಳು ಲೂರ್ದಮ್ಮ.

"ಹೂಂ ಕಣಮ್ಮ. ಕೋಣೇಲಿದ್ದದ್ದೆಲ್ಲ ತಂದು ನಿಮ್ಮ ಕಾಲಡಿಗೆ ಸುರುದವ್ರೆ. ನಾವು ಬಡುದ್ವಿ, ಅದು ಮೇಲೆದ್ದು ನಮ್ಮ ಮುಖಕ್ಕೇ ಬಡೀತು."

"ಮೇಸ್ತ್ರಿ, ನಿಮಗೆ ಗೊತ್ತಿರ್ಲಿಲ್ವಾ?" ಎಂದರು ಬೆಟ್ಟಮ್ಮ.

"ಹೇಳ್ದೆ ತಾಯಿ" ಎಂದ ಡೊಮಿನಿಕ್.

"ಎಷ್ಟ್ ಸಲ?" ಎಂದಳು ಅವನ ಹೆಂಡತಿ. ಅವನು ರಸಮಟ್ಟದ ಗಾಜು ಒರೆಸತೊಡಗಿದ.

ಬೆಟ್ಟಮ್ಮ ಗಂಡನ ಕಡೆ ತಿರುಗಿದರು. "ಅದನ್ನೆಲ್ಲ ಕಿತ್ತು ಹೊರಗ್ ಹಾಕ್ಸಿ. ಒಳ್ಳೆ ಗಾರೆ ಹಾಕ್ಸಿ. ನಾನು ಇಲ್ಲೇ ಜಗುಲಿ ಮೇಲೆ ಇರ್ತೀನಿ, ಎಷ್ಟ್ ದಿನ ಆದ್ರೂ ಸರಿ. ಇಲ್ಲೇ ಮೂರ್ ಕಲ್ಲಿಟ್ಟು ಬೇಯಿಸ್ ಹಾಕ್ತೀನಿ. ಆದ್ರೆ ಅದು ಮನೇಲಿರ್ಬಾರ್ದು. ಒಂದ್ ತೊಟ್ಟೂ ಇರ್ಬಾರ್ದು."

ಇದಕ್ಕಿಂತ ಅಗ್ಗವಾಗಿ ಯಾವ ಗಂಡನಿಗೂ ಹೆಂಡತಿ ಮರಳಿ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಮರಿಯಯ್ಯನವರು "ಆಗ್ಲಿ, ಆಗ್ಲಿ" ಎಂದು ಕಣ್ಣೊರೆಸಿಕೊಂಡರು. ಡೊಮಿನಿಕ್ ಅಂದೇ ಬಿಲ್ಲೆ ಎಬ್ಬಿಸತೊಡಗಿದ. ಒಳಗಿದ್ದದ್ದನ್ನು ನಾನು ವರ್ಣಿಸುವುದಿಲ್ಲ. ಲೂರ್ದಮ್ಮನ ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬುಟ್ಟಿ ಬುಟ್ಟಿಯಾಗಿ ಹಿತ್ತಿಲ ಕಡೆ ಹೊತ್ತು ಹೋದರು. ಬೆಟ್ಟಮ್ಮ ಜಗಲಿಯ ಮೂಲೆಯಲ್ಲಿ ಕಲ್ಲು ಹೂಡಿ, ಸೊಟ್ಟ ಕೈಯಲ್ಲೇ ಮುದ್ದೆ ತೊಳಸಿ ಗಂಡನಿಗೆ ಬಡಿಸಿದರು. ಆತ ಬಿಸಿಮುದ್ದೆ ನುಂಗುವುದನ್ನು ನೋಡಿ ನನಗೂ ಸಮಾಧಾನವಾಯಿತು. ಪುಟ್ಟಣ್ಣ ಎತ್ತುಗಳಿಗೆ ಹುಲ್ಲು ಹಾಕಿ, ಹೊತ್ತು ಇಳಿದ ಮೇಲೆ ಹೊರಡುವುದೆಂದುಕೊಂಡ.

ಬುಟ್ಟಿಗಳ ಸದ್ದು ನಿಂತ ಮೇಲೆ ಬೆಟ್ಟಮ್ಮ ಕೇಳಿದರು: "ಲೂರ್ದಮ್ಮ, ಎಲ್ಲಿ ಸುರುದ್ರಿ?"

"ಸುರಿಯೋದೆಲ್ಲಿ ಬಂತು ಕಣಮ್ಮ? ಹಿತ್ಲಲ್ಲಿ ಗುಡಾಣ ಇಡ್ಸವ್ರೆ. ಅದುಕ್ಕೇ ತುಂಬುದ್ವಿ."

ಬೆಟ್ಟಮ್ಮ ಮನೆಯ ಪಕ್ಕದಿಂದ ಹಿತ್ತಿಲಿಗೆ ನಡೆದರು. ನಾನೂ ಹಿಂದೆ ಹೋದೆ. ಮರಿಯಯ್ಯನವರು ಮೂರು ಗುಡಾಣಗಳ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಸುಣ್ಣ, ಮರಳು, ಇಟ್ಟಿಗೆ, ಹುಳು, ಬೆಲ್ಲ ಎಲ್ಲ ಒಂದಾಗಿ ತುಳುಕುತ್ತಿತ್ತು.

"ಇದೇನ್ರೀ?"

"ಹುಕ್ಕಾಕ್ಕೆ ಗುಡಾಕು ಮಾಡೋ ಸಾಬ್ರು ತಗೋತಾರೆ ಕಣೇ. ತಂಬಾಕಲ್ಲಿ ಕಲಸುದ್ರೆ ಯಾರಿಗ್ ಗೊತ್ತಾಯ್ತದೆ? ಮನೆ ಒಳಗಂತೂ ಇಲ್ವಲ್ಲ. ಹಿತ್ಲು ಮನೆ ಅಲ್ಲ."

ಆ ದಿನದಿಂದ ನಾನು ತಂಬಾಕು ಬಿಟ್ಟೆ. ಮರಿಯಯ್ಯನವರು ಊರಿಗೆ ಮಾಡಿದ ಉಪಕಾರ ಅದೊಂದೇ ಇರಬೇಕು.

ಬೆಟ್ಟಮ್ಮ ಮುಂಬಾಗಿಲಿಗೆ ಬಂದು ಗಂಟು ಎತ್ತಿಕೊಂಡು ಗಾಡಿ ಹತ್ತಿದರು. ಗಂಡ ಹಿಂದೆಯೇ ಓಡಿಬಂದರು.

"ತಡಿ, ತಡಿ ಇವ್ಳೇ! ಚೆಲ್ತೀನಿ, ನಿನ್ ಕಣ್ಣೆದುರ್ಗೇ ಚೆಲ್ತೀನಿ!"

ಒಂದು ಗುಡಾಣವನ್ನು ತಾವೇ ಉರುಳಿಸಿಕೊಂಡು ತಂದರು. ಬೀದಿಯ ಚರಂಡಿಗೆ ಬಗ್ಗಿಸಿದರು. ಗುಳುಗುಳು ಎಂದು ಇಳಿಯುವುದನ್ನು ನೋಡಲಾರದೆ ಮುಖ ತಿರುಗಿಸಿದರು. ಕೊಪ್ಪಲಿನ ಜನ ಬಾಗಿಲು ತೆರೆದು ಬೈದು ಮತ್ತೆ ಮುಚ್ಚಿದರು. ಬೆಟ್ಟಮ್ಮ ಗಾಡಿಯಿಂದ ಒಂದು ಕಾಲು ಕೆಳಗೆ ಬಿಟ್ಟರು.

"ಇನ್ನೊಂದು ತನ್ನಿ" ಎಂದರು.

ಎರಡನೆಯದೂ ಹೋಯಿತು. ಆ ಕಾಲು ನೆಲಕ್ಕೆ ತಾಗುವಷ್ಟು ಇಳಿಯಿತು.

"ಇನ್ನೊಂದ್ ಅದೆಯಲ್ಲ?"

ಮರಿಯಯ್ಯನವರು ಬೆವರು ಒರೆಸಿಕೊಂಡರು. ಹಿತ್ತಿಲ ಕಡೆ ನೋಡಿದರು, ಗಾಡಿಯ ಕಡೆ ನೋಡಿದರು. ಅವರ ಮುಖ ನೋಡುವ ಹಾಗಿರಲಿಲ್ಲ. ತೊಟ್ಟಿಲಿನ ಕೂಸನ್ನು ಕೇಳಿದ್ದರೂ ಅಷ್ಟು ಸಂಕಟಪಡುತ್ತಿರಲಿಲ್ಲವೇನೋ.

"ಅದ್ರಲ್ಲಿ... ಅದ್ರಲ್ಲಿ ಸುಣ್ಣ ಕಮ್ಮಿ ಅದೆ ಕಣೇ."

"ಭಾವ!" ಎಂದ ಪುಟ್ಟಣ್ಣ, ಬೇಡಿಕೊಳ್ಳುವ ಹಾಗೆ. "ಚೆಲ್ಬುಡಿ ಭಾವ."

"ಸೋಸುದ್ರೆ ಒಳ್ಳೆ ಮಾಲಯ್ಯಾ!"

ಬೆಟ್ಟಮ್ಮ ಕಾಲು ಮೇಲೆ ತೆಗೆದುಕೊಂಡರು. "ಹೂಡೋ ಪುಟ್ಟ" ಎಂದರು. ಗಾಡಿ ಹೂಟಗಳ್ಳಿಯ ದಾರಿ ಹಿಡಿಯಿತು. ಮರಿಯಯ್ಯನವರು ಸ್ವಲ್ಪ ದೂರ ಹಿಂದೆ ನಡೆದರು, ಆಮೇಲೆ ನಿಂತರು. ಹಿತ್ತಿಲಲ್ಲಿ ಮೂರನೆಯ ಗುಡಾಣದ ಬಾಯಿ ತೆರೆದೇ ಇತ್ತು.

ಡೊಮಿನಿಕ್ ಆಮೇಲೆ ಒಳ್ಳೆಯ ಗಾರೆ ಹಾಕಿ, ಬಡಿಸಿ, ಒಣಗಿಸಿ, ಅವೇ ಬಿಲ್ಲೆಗಳನ್ನು ತೊಳೆದು ಹಾಸಿದ. ಈ ಸಲ ಹಜಾರದ ನೆಲ ಒಳಗೂ ಹೊರಗೂ ಒಂದೇ ಸಮ. ಮರಿಯಯ್ಯನವರು ಹೂಟಗಳ್ಳಿಗೆ ಎಷ್ಟೋ ಸಲ ಹೇಳಿಕಳಿಸಿದರು, ತಾವೇ ಹೋಗಿಯೂ ಬಂದರು. ಬೆಟ್ಟಮ್ಮ ತಮ್ಮನ ಮನೆಯಲ್ಲಿ ಸಗಣಿ ಸಾರಿಸಿದ ನೆಲದ ಮೇಲೆ ಓಡಾಡಿಕೊಂಡು ಆರಾಮವಾಗಿದ್ದಾರೆ. ಬಂದ ಗಂಡನಿಗೆ ಊಟ ಹಾಕಿ ಕಳಿಸುತ್ತಾರೆ, ಅಷ್ಟೆ.

ಮೊನ್ನೆ ಆ ಕಡೆ ಹೋದವನು ಇಣುಕಿದೆ. ಹಜಾರ ಕಾಣಲಿಲ್ಲ. ನನ್ನ ಹೂವಿನ ಬಿಲ್ಲೆಗಳ ಮೇಲೆ ತೊಲೆಯ ತನಕ ಅಚ್ಚುಬೆಲ್ಲ ಒಟ್ಟಿದ್ದರು. ನಡುವೆ ಒಬ್ಬರು ಮಲಗುವಷ್ಟು ಜಾಗ.

"ನೆಲ ಸಮ ಆದ್ಮೇಲೆ ಒಂದ್ ಅಚ್ಚೂ ಜಾರಾಕಿಲ್ಲ ಕಣ್ರೀ ಶೆಟ್ರೆ" ಎಂದರು ಮರಿಯಯ್ಯನವರು, ಒಂದು ಅಚ್ಚನ್ನು ಸವರಿ ಬೆರಳು ನೆಕ್ಕುತ್ತ. "ಖಾಲಿ ಯಾಕ್ ಬುಡಾದು?"